ಯಾರೂ ಕೇಳದ ಪ್ರಶ್ನೆಗಳು

ಇವತ್ತು ಒಂದು ಆ್ಯಪ್‌ನಲ್ಲಿ ಮೊಬೈಲ್ ನಂಬರ್ ಬದಲಿಸಬೇಕಿತ್ತು. ಹಳೇ ಸಿಮ್ ಇಲ್ಲ, ಓಟಿಪಿ ಆ ನಂಬರಿಗೇ ಹೋಗುತ್ತೆ. 'ಪದೇ ಪದೇ ಕೇಳಲಾಗುವ ಪ್ರಶ್ನೆಗಳು' ತೆರೆದೆ. ಮೊದಲನೇದೇ, "ನಮ್ಮ ಸೇವೆಯ ವಿಶೇಷತೆಗಳೇನು?"

ಇದನ್ನ ಯಾರು ಕೇಳಿರ್ತಾರೆ ಹೇಳಿ?

ಎಷ್ಟೋ ಕೆಳಗೆ ಇನ್ನೊಂದು: "ನೋಂದಾಯಿತ ಸಂಪರ್ಕ ವಿವರಗಳನ್ನು ಪರಿಷ್ಕರಿಸುವ ವಿಧಾನವೇನು?" ನನಗೆ ಬೇಕಾದ್ದು ಇದೇ. ಆದ್ರೆ ಕಷ್ಟದಲ್ಲಿರೋರು ಹುಡುಕೋದು "ಹಳೇ ನಂಬರ್ ಇಲ್ಲ, ಏನ್ಮಾಡ್ಲಿ?" ಅಂತ. ಪ್ರಶ್ನೆ ಅವರ ಬಾಯಲ್ಲಿ ಬರೋ ಹಾಗೇ ಇದ್ರೆ ತಟ್ಟನೆ ಕಣ್ಣಿಗೆ ಬೀಳುತ್ತೆ. ಉತ್ತರದ ಮೊದಲ ಸಾಲಲ್ಲೇ 'ಆಗುತ್ತೆ' ಅಥವಾ 'ಆಗಲ್ಲ' ಅಂದುಬಿಟ್ರೆ ಅರ್ಧ ಸಂಕಟ ಅಲ್ಲೇ ಮುಗೀತು.

ಇಂಥ ಪಟ್ಟಿಗಳು ಮೊದಲು ಹೀಗಿರಲಿಲ್ಲ. 1980ರ ದಶಕದಲ್ಲಿ ಯೂಸ್‌ನೆಟ್ ಅನ್ನೋ ಕಂಪ್ಯೂಟರ್ ಜಾಲದ ಚರ್ಚಾ ಗುಂಪುಗಳಿಗೆ ಹೊಸಬರು ಬಂದು ಬಂದು ಅದದೇ ಪ್ರಶ್ನೆ ಕೇಳ್ತಿದ್ರು. ಹಳಬರು ಉತ್ತರಗಳನ್ನ ಒಟ್ಟುಮಾಡಿ ಆಗಾಗ ಹಾಕ್ತಿದ್ರು. ನಿಜವಾಗ್ಲೂ ಜನ ಕೇಳಿದ್ದ ಪ್ರಶ್ನೆಗಳು ಅವು. ಈಗ ಎಷ್ಟೋ ಕಡೆ ಆ್ಯಪ್ ಬಿಡುಗಡೆಗೆ ಮುಂಚೆಯೇ ಪಟ್ಟಿ ತಯಾರಾಗಿರುತ್ತೆ.

ಬ್ರಿಟನ್ ಸರ್ಕಾರದ ಜಾಲತಾಣ ಗವ್.ಯುಕೆಯಂತೂ ತನ್ನ ಬರಹಗಾರರಿಗೆ ಈ ವಿಭಾಗವೇ ಬೇಡ ಅನ್ನುತ್ತೆ, ಮಾಹಿತಿ ಇರಬೇಕಾದ ಜಾಗದಲ್ಲೇ ಇರಲಿ ಅಂತ. ನಾನು ಅಷ್ಟು ಹೇಳಲ್ಲ. ಸಹಾಯವಾಣಿಯಲ್ಲಿ ದಿನವಿಡೀ ಫೋನ್ ಎತ್ತೋರನ್ನ ಕೇಳಿ ಬರೆದ್ರೆ ಇದು ಬಹಳ ಉಪಯೋಗದ ಪುಟ. ಜನ ಯಾವ ಮಾತಲ್ಲಿ ಕೇಳ್ತಾರೆ ಅನ್ನೋದು ಅವರಿಗೆ ಬಾಯಿಪಾಠ.

ನಿಮ್ಮಲ್ಲಿ ಯಾರಾದ್ರೂ ಇಂಥ ಪುಟ ಬರೆಯೋರಿದ್ರೆ, ದಯವಿಟ್ಟು ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಆ ಕರೆಗಳನ್ನ ಕೇಳಿಸ್ಕೊಳ್ಳಿ.