ಹೊರದೇಶದಲ್ಲಿ ರೂಮ್ ಎಲ್ಲಿ ಮಾಡಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವಿಮಾನದ ಟಿಕೆಟ್ ಆದ ಮಾರನೇ ದಿನವೇ ಫೋನ್ ಬರುತ್ತದೆ. "ಹೋಗೋದು ಗ್ಯಾರಂಟಿ ಆಯ್ತು. ರೂಮ್ ಎಲ್ಲಿ ಮಾಡಲಿ ಹೇಳು." ಸ್ನೇಹಿತರು, ನೆಂಟರು, ಆಫೀಸಿನವರು, ಎಲ್ಲರದೂ ಇದೇ ಪ್ರಶ್ನೆ. ಹಿಂದೆಯೇ ನಾಲ್ಕೈದು ಹೋಟೆಲ್‌ಗಳ ಲಿಂಕ್ ಬರುತ್ತವೆ. ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಬಿಳಿ ಹಾಸಿಗೆ, ದೊಡ್ಡ ಕಿಟಕಿ, ಕಿಟಕಿಯಾಚೆ ಊರು.

ನಾನು ಮೊದಲು ಅವರನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ಸಂಜೆ ಕಾಲು ಸೋತ ಮೇಲೆ ಈ ರೂಮಿಗೆ ಹೇಗೆ ವಾಪಸ್ ಬರುತ್ತೀರಿ?

ಬೆಳಿಗ್ಗೆ ಹೊರಡುವಾಗ ಯಾವ ಹೋಟೆಲ್ ಆದರೂ ನಡೆಯುತ್ತದೆ. ನಿದ್ದೆ ಆಗಿರುತ್ತದೆ, ಹೊಸ ಊರು ನೋಡುವ ಹುಮ್ಮಸ್ಸು ಇರುತ್ತದೆ. ಎರಡು ಕಿಲೋಮೀಟರ್ ನಡೆದದ್ದು ಗೊತ್ತೇ ಆಗುವುದಿಲ್ಲ. ಅದೇ ಎರಡು ಕಿಲೋಮೀಟರ್ ಸಂಜೆ ಏಳು ಗಂಟೆಗೆ, ಮ್ಯೂಸಿಯಂ ಪೂರ್ತಿ ಸುತ್ತಿ ಬಂದ ಮೇಲೆ, ಮಳೆ ಹನಿಯುತ್ತಿರುವಾಗ ಬಹಳ ದೂರ. ಹೋಟೆಲ್ ಒಳ್ಳೆಯ ಜಾಗದಲ್ಲಿದೆಯೇ ಅನ್ನುವುದು ಗೊತ್ತಾಗುವುದು ಆ ಹೊತ್ತಿಗೇ.

ಇದನ್ನು ನಾನು ಕಲಿತದ್ದು ಪೋರ್ಚುಗಲ್ ದೇಶದ ಲಿಸ್ಬನ್‌ನಲ್ಲಿ. ಅಮ್ಮನ ಜೊತೆ ಹೋಗಿದ್ದೆ. ಅಲ್ಫಾಮಾ ಅಂತ ಹಳೆಯ ಬಡಾವಣೆ, 1755ರ ಭೂಕಂಪದಲ್ಲೂ ಹೆಚ್ಚುಕಡಿಮೆ ಉಳಿದುಕೊಂಡ ಜಾಗ. ಓಣಿಗಳೆಂದರೆ ಅಷ್ಟು ಚೆಂದ. ಅಲ್ಲೊಂದು ಸಣ್ಣ ಹೋಟೆಲ್ ಹಿಡಿದೆ. ಮ್ಯಾಪ್‌ನಲ್ಲಿ ಮೆಟ್ರೋದಿಂದ 400 ಮೀಟರ್ ತೋರಿಸುತ್ತಿತ್ತು. 400 ಮೀಟರ್ ಅಂದರೆ ಐದು ನಿಮಿಷ, ಅಲ್ವಾ? ಮ್ಯಾಪ್ ಹೇಳದೆ ಬಿಟ್ಟದ್ದು ಏನೆಂದರೆ, ಆ ದಾರಿಯಲ್ಲಿ ಜಾಸ್ತಿ ಪಾಲು ಮೆಟ್ಟಿಲು. ಉಳಿದದ್ದು ಸಣ್ಣ ಸಣ್ಣ ಸುಣ್ಣಕಲ್ಲು ಹಾಸಿದ ಏರು. ಸವೆದು ನುಣುಪಾದ ಆ ಕಲ್ಲು ಒದ್ದೆಯಾದರೆ ಜಾರುತ್ತದೆ. ಅಮ್ಮನಿಗೆ ಮಂಡಿನೋವು. ಮೊದಲ ದಿನ ಸಂಜೆ ಮೂರು ಕಡೆ ಕೂತು ಮೇಲೆ ಹತ್ತಿದರು. ಎರಡನೇ ದಿನ "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ" ಅಂದರು. ಅಷ್ಟು ದೂರ ಹಾರಿ ಬಂದವರು ಇಡೀ ಮಧ್ಯಾಹ್ನ ಕಿಟಕಿ ಪಕ್ಕ ಕೂತಿದ್ದರು. ಅದು ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಮೂರನೇ ದಿನ ಬೈಶಾಗೆ ರೂಮ್ ಬದಲಾಯಿಸಿದೆ. ಅದೇ ಭೂಕಂಪದಲ್ಲಿ ನೆಲಸಮವಾಗಿ, ಆಮೇಲೆ ನೇರ ಬೀದಿಗಳನ್ನು ಎಳೆದು ಮತ್ತೆ ಕಟ್ಟಿದ ಭಾಗ ಅದು. ಬೆಟ್ಟಗಳ ಮಧ್ಯೆ ಇರುವ ಸಮತಟ್ಟು ನೆಲ. ಅಲ್ಫಾಮಾದಷ್ಟು ಚೆಂದ ಇಲ್ಲ. ಆದರೆ ಅಮ್ಮ ಮಧ್ಯಾಹ್ನ ಒಬ್ಬರೇ ರೂಮಿಗೆ ಬಂದು ಒಂದು ಗಂಟೆ ಮಲಗಿ, ಸಂಜೆ ತಾವೇ ನದಿ ದಂಡೆಗೆ ನಡೆದು ಬಂದರು. ಊರು ಅದೇ, ರಜೆಯೇ ಬೇರೆ ಆಯ್ತು.

ಹಾಗಾಗಿ ಈಗ ಮ್ಯಾಪ್‌ನಲ್ಲಿ ಮೀಟರ್ ನೋಡಿ ಬಿಡುವುದಿಲ್ಲ. ರಸ್ತೆಯ ಫೋಟೋ ತೋರಿಸುವ ಸ್ಟ್ರೀಟ್ ವ್ಯೂ ತೆರೆದು, ನಿಲ್ದಾಣದಿಂದ ಹೋಟೆಲ್ ಬಾಗಿಲಿನ ತನಕ ಒಂದು ಸಲ ಕೂತಲ್ಲೇ ನಡೆಯುತ್ತೇನೆ. ಏರು ಇದೆಯಾ? ಮೆಟ್ಟಿಲು? ಫುಟ್‌ಪಾತ್? ಕತ್ತಲಾದ ಮೇಲೆ ಬಾಗಿಲು ತೆರೆದಿರುವ ಅಂಗಡಿ ಒಂದೆರಡಾದರೂ ಇವೆಯಾ? ಹತ್ತು ನಿಮಿಷದ ಕೆಲಸ. ಆದರೆ ಒಂದೊಂದು ಊರಿನಲ್ಲಿ ತೊಡಕು ಒಂದೊಂದು ಥರ. ದುಬೈನಲ್ಲಿ ಆಗಸ್ಟ್ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿರುತ್ತದೆ. ಅಲ್ಲಿ 800 ಮೀಟರ್ ಅನ್ನುವುದು ನಡೆಯುವ ದೂರವೇ ಅಲ್ಲ. ವೆನಿಸ್‌ನಲ್ಲಿ ಕಾರು ಊರಿನ ಅಂಚಿನ ಪಿಯಾಝಾಲೆ ರೋಮಾ ಚೌಕದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ದೋಣಿ, ಇಲ್ಲವೇ ಕಾಲುದಾರಿ. ಆ ದಾರಿಯ ಸೇತುವೆಗಳಿಗೆ ಮೆಟ್ಟಿಲು. ಸೂಟ್‌ಕೇಸ್ ಎತ್ತಿಕೊಂಡು ಎಷ್ಟು ಸೇತುವೆ ದಾಟಬೇಕು ಅಂತ ಎಣಿಸಿಕೊಂಡು ರೂಮ್ ಹಿಡಿಯುವುದು ಒಳ್ಳೆಯದು.

ಇನ್ನು "ಸಿಟಿ ಸೆಂಟರ್" ಅನ್ನುವ ಮಾತು. ಎಲ್ಲರಿಗೂ ಸೆಂಟರ್‌ನಲ್ಲೇ ಬೇಕು. ಆದರೆ ದೊಡ್ಡ ಊರುಗಳಿಗೆ ಸೆಂಟರ್ ಅನ್ನುವುದು ಒಂದೇ ಇರುವುದಿಲ್ಲ. ಟೋಕಿಯೋ ನೋಡಿ. ಅಲ್ಲಿ ಯಾಮನೋತೆ ಅನ್ನುವ ರೈಲು ಊರಿನ ಒಳಭಾಗವನ್ನು ಬಳೆಯ ಹಾಗೆ ಸುತ್ತುತ್ತದೆ. 30 ನಿಲ್ದಾಣ, ಪೂರ್ತಿ ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಈ ಬಳೆಯ ಮೇಲೆ ಎಲ್ಲಿ ಇಳಿದುಕೊಂಡರೂ ಊರು ಕೈಗೆ ಸಿಗುತ್ತದೆ. ಆದರೂ ಎಲ್ಲರೂ ಶಿಂಜುಕು ಶಿಂಜುಕು ಅನ್ನುತ್ತಾರೆ. ಆ ನಿಲ್ದಾಣಕ್ಕೆ 200ಕ್ಕೂ ಜಾಸ್ತಿ ಬಾಗಿಲುಗಳಿವೆ. "ಶಿಂಜುಕು ನಿಲ್ದಾಣದಿಂದ ಐದು ನಿಮಿಷ" ಅಂದರೆ ಯಾವ ಬಾಗಿಲಿನಿಂದ ಅಂತ ಕೇಳಲೇಬೇಕು. ತಪ್ಪು ಬಾಗಿಲಲ್ಲಿ ಹೊರಬಿದ್ದರೆ ಆ ಐದು ನಿಮಿಷ ಇಪ್ಪತ್ತಾಗುತ್ತದೆ. ಮಕ್ಕಳ ಜೊತೆ ಹೋಗುವವರಿಗೆ ನಾನು ಅದೇ ಬಳೆಯ ಮೇಲಿರುವ ಉಎನೋ ಹೇಳುತ್ತೇನೆ. ನರಿಟಾ ವಿಮಾನ ನಿಲ್ದಾಣದಿಂದ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯಲ್ಲಿ ನೇರ ಅಲ್ಲಿಗೇ ತಂದು ಬಿಡುತ್ತದೆ. ಪಕ್ಕದಲ್ಲೇ ದೊಡ್ಡ ಪಾರ್ಕು, ಮೃಗಾಲಯ, ಮ್ಯೂಸಿಯಂ.

ಪ್ಯಾರಿಸ್‌ನಲ್ಲಿ ಹೋಟೆಲಿನ ವಿಳಾಸವೇ ಅರ್ಧ ವಿಷಯ ಹೇಳಿಬಿಡುತ್ತದೆ. ಊರನ್ನು 20 ವಾರ್ಡುಗಳಾಗಿ ಹಂಚಿದ್ದಾರೆ. ಒಂದನೆಯದು ಲೂವ್ರ್ ಮ್ಯೂಸಿಯಂ ಇರುವ ನಡುಭಾಗ. ಅಲ್ಲಿಂದ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಳ್ಳುತ್ತಾ ನಂಬರ್ ಏರುತ್ತದೆ. ಪಿನ್‌ಕೋಡಿನ ಕೊನೆಯ ಎರಡು ಅಂಕಿ ನೋಡಿದರೆ ಸಾಕು. 75005 ಅಂದರೆ ಐದನೇ ವಾರ್ಡು, 75019 ಅಂದರೆ ಹೊರಸುತ್ತು. 75 ಬಿಟ್ಟು ಬೇರೆ ಅಂಕಿಯಿಂದ ಶುರುವಾಗಿದ್ದರೆ ಅದು ಪ್ಯಾರಿಸ್ ನಗರದ ಗಡಿಯಾಚೆ, ಹೋಟೆಲ್ ಹೆಸರಿನಲ್ಲಿ ಎಷ್ಟೇ ದೊಡ್ಡದಾಗಿ ಪ್ಯಾರಿಸ್ ಅಂತ ಇದ್ದರೂ. ಹೆಸರು ನಂಬಿ ಮೋಸ ಹೋಗುವುದು ಬಹಳ ಸುಲಭ. ಟೋಕಿಯೋ ಹೆಸರಿನ ಡಿಸ್ನಿಲ್ಯಾಂಡ್ ಕೂಡ ಇರುವುದು ಪಕ್ಕದ ಚಿಬಾದಲ್ಲಿ.

ಪ್ಯಾರಿಸ್ ಮೆಟ್ರೋದ ಬಗ್ಗೆ ಇನ್ನೊಂದು ಮಾತು. ನಿಲ್ದಾಣಗಳು ಹತ್ತಿರ ಹತ್ತಿರ ಇವೆ, ಅದು ಅನುಕೂಲ. ಆದರೆ ಹಳೆಯ ಮಾರ್ಗಗಳಲ್ಲಿ ಮೆಟ್ಟಿಲೋ ಮೆಟ್ಟಿಲು. ಪೂರ್ತಿ ಲಿಫ್ಟ್ ಇರುವುದು 1998ರಲ್ಲಿ ಶುರುವಾದ 14ನೇ ಮಾರ್ಗಕ್ಕೆ. 2024ರಿಂದ ಅದು ಓರ್ಲಿ ವಿಮಾನ ನಿಲ್ದಾಣದ ತನಕ ಹೋಗುತ್ತದೆ. ವಯಸ್ಸಾದವರು, ಮಗುವಿನ ಗಾಡಿ, ದೊಡ್ಡ ಸೂಟ್‌ಕೇಸ್ ಇದ್ದರೆ ಆ ಮಾರ್ಗದ ಹತ್ತಿರ ಹುಡುಕಿ. ಲಂಡನ್‌ನಲ್ಲೂ ಹೀಗೇ. ಅಲ್ಲಿ ಟ್ಯೂಬ್ ಅನ್ನುವ ಮೆಟ್ರೋಗೆ 272 ನಿಲ್ದಾಣಗಳು. ಮೆಟ್ಟಿಲು ಹತ್ತದೆ ಹೊರಗೆ ಬರಬಹುದಾದದ್ದು ಸುಮಾರು ಮೂರನೇ ಒಂದು ಭಾಗ ಮಾತ್ರ.

ಬ್ಯಾಂಕಾಕ್‌ಗೆ ಹೋಗುವವರು ಸೋಯಿ ಅನ್ನುವ ಪದ ತಿಳಿದುಕೊಳ್ಳಿ. ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆ ಅದು. ಸುಖುಮ್ವಿಟ್ ರಸ್ತೆಯಲ್ಲಿ ಒಂದು ಪಕ್ಕ ಬೆಸ ಸಂಖ್ಯೆಯ ಸೋಯಿಗಳು, ಇನ್ನೊಂದು ಪಕ್ಕ ಸಮ ಸಂಖ್ಯೆಯವು. ಕೆಲವು ಒಂದು ಕಿಲೋಮೀಟರಿಗೂ ಉದ್ದ. ಹೋಟೆಲ್ ಸೋಯಿಯ ಬಾಯಲ್ಲಿದ್ದರೆ ರಸ್ತೆಯ ಮೇಲೆ ಎತ್ತರದ ಸೇತುವೆಯಲ್ಲಿ ಓಡುವ ರೈಲಿಗೆ ಎರಡೇ ನಿಮಿಷ. ತುದಿಯಲ್ಲಿದ್ದರೆ ಪ್ರತಿ ಸಲ ಗಾಡಿ ಹಿಡಿಯಬೇಕು. ಎರಡಕ್ಕೂ ವಿಳಾಸದಲ್ಲಿ ಬರೆಯುವುದು ಅದೇ ಸೋಯಿ ನಂಬರ್.

ಕೊನೆಯ ರೈಲು ಎಷ್ಟಕ್ಕೆ ಅನ್ನುವುದನ್ನೂ ನೋಡಿ. ಟೋಕಿಯೋದಲ್ಲಿ ರಾತ್ರಿ ಸುಮಾರು ಒಂದು ಗಂಟೆಗೆ ರೈಲು ನಿಂತರೆ ಮತ್ತೆ ಶುರುವಾಗುವುದು ಬೆಳಗಿನ ಜಾವ. ಲಂಡನ್ ಟ್ಯೂಬ್ ಇಡೀ ರಾತ್ರಿ ಓಡುವುದು ಶುಕ್ರವಾರ ಮತ್ತು ಶನಿವಾರ ಮಾತ್ರ, ಅದೂ ಕೆಲವೇ ಮಾರ್ಗಗಳಲ್ಲಿ. ನಾಟಕ, ಸಂಗೀತ ಅಂತ ತಡವಾಗಿ ಬರುವ ಯೋಚನೆ ಇದ್ದರೆ, ರಂಗಮಂದಿರದಿಂದ ನಡೆದು ಬರಬಹುದಾದ ದೂರದಲ್ಲಿ ರೂಮ್ ಇರಲಿ.

ರೈಲು ನಿಲ್ದಾಣದ ಎದುರೇ ಮಾಡಬಹುದಾ ಅಂತ ಕೇಳುತ್ತಾರೆ. ದಿನಕ್ಕೊಂದು ಪಕ್ಕದ ಊರು ನೋಡುವ ಯೋಜನೆ ಇದ್ದರೆ ಖಂಡಿತ ಮಾಡಿ. ಆದರೆ ಮುಖ್ಯ ನಿಲ್ದಾಣದ ಸುತ್ತಮುತ್ತ ಎಲ್ಲ ಊರಿನಲ್ಲೂ ಒಂದೇ ಥರ ಇರುವುದಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ನಿಲ್ದಾಣದ ಎದುರಿನ ಕೆಲವು ಬೀದಿಗಳು ರಾತ್ರಿ ಮಕ್ಕಳ ಜೊತೆ ನಡೆಯುವಂಥವಲ್ಲ.

ಜಾಗದ ಮಾತು ಇಷ್ಟಾಯ್ತು. ಇನ್ನು ಆರಾಮ. ನನ್ನ ಮಟ್ಟಿಗೆ ಆರಾಮ ಅಂದರೆ ನಿದ್ದೆ. ಈಜುಕೊಳ, ಜಿಮ್, ಚಂದದ ಲಾಬಿ, ಇವೆಲ್ಲ ಊರು ನೋಡಲು ಹೋದವರಿಗೆ ಅಷ್ಟೊಂದು ಬೇಕಾಗುವುದಿಲ್ಲ. ಆದರೆ ಎರಡು ರಾತ್ರಿ ನಿದ್ದೆ ಕೆಟ್ಟರೆ ಮೂರನೇ ದಿನ ಯಾವ ಅರಮನೆಯೂ ರುಚಿಸುವುದಿಲ್ಲ.

ನಿದ್ದೆಗೆ ಮೊದಲ ಶತ್ರು ಸದ್ದು. ಯುರೋಪಿನ ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಎಸಿ ಇರುವುದಿಲ್ಲ. ಜುಲೈನಲ್ಲಿ ಸೆಕೆಗೆ ಕಿಟಕಿ ತೆರೆಯಲೇಬೇಕು. ತೆರೆದರೆ ಕೆಳಗಿನ ಬಾರಿನ ಗಲಾಟೆ, ಟ್ರಾಮ್ ತಿರುಗುವಾಗಿನ ಕಿರುಚು, ಚರ್ಚಿನ ಗಂಟೆ ಎಲ್ಲವೂ ಒಳಗೆ. ಬೇಸಿಗೆಯಲ್ಲಿ ಹೋಗುವುದಾದರೆ ಎಸಿ ಇದೆಯಾ ಅಂತ ನೋಡುವುದು ತಂಪಿಗೆ ಎಷ್ಟು ಮುಖ್ಯವೋ ಸದ್ದಿಗೂ ಅಷ್ಟೇ ಮುಖ್ಯ. ಎಸಿ ಇಲ್ಲದ ಹೋಟೆಲೇ ಇಷ್ಟವಾದರೆ ಒಳಅಂಗಳದ ಕಡೆ ಮುಖ ಮಾಡಿದ ರೂಮ್ ಕೇಳಿ. ನೋಟ ಸಿಗುವುದಿಲ್ಲ, ನಿದ್ದೆ ಸಿಗುತ್ತದೆ. ಲಿಫ್ಟಿನ ಪಕ್ಕದ ರೂಮ್ ಬೇಡ ಅಂತಲೂ ಹೇಳಿ. ಬುಕ್ ಮಾಡುವಾಗಲೇ ಎರಡು ಸಾಲು ಬರೆದು ಕಳಿಸಿದರೆ ಬಹಳಷ್ಟು ಕಡೆ ಮಾಡಿಕೊಡುತ್ತಾರೆ. ನಾನು ಹೊರಡುವ ವಾರ ಮತ್ತೊಮ್ಮೆ ನೆನಪಿಸುತ್ತೇನೆ.

ಎರಡನೆಯದು ಹಾಸಿಗೆ. ಜಪಾನಿನಲ್ಲಿ ಸೆಮಿ ಡಬಲ್ ಅಂತ ಒಂದಿದೆ. ಇಬ್ಬರಿಗೆ ಅಂತ ಬುಕಿಂಗ್ ಆಗುತ್ತದೆ, ಆದರೆ ಅಗಲ ಸಾಮಾನ್ಯವಾಗಿ 120 ಸೆಂಟಿಮೀಟರ್, ನಾಲ್ಕು ಅಡಿಗೂ ಕಡಿಮೆ. ರೂಮೂ ಅಷ್ಟೇ. ಟೋಕಿಯೋದ ಬಿಸಿನೆಸ್ ಹೋಟೆಲ್‌ಗಳಲ್ಲಿ 12 ಚದರ ಮೀಟರ್ ಸಾಮಾನ್ಯ. ಅಂದರೆ ಬಾತ್‌ರೂಮ್ ಸೇರಿ ಸುಮಾರು 130 ಚದರ ಅಡಿ. ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಿಡಲು ನೆಲವೇ ಇರುವುದಿಲ್ಲ. ಒಬ್ಬರಿಗೆ ಧಾರಾಳ, ಇಬ್ಬರಿಗೆ ನಾಲ್ಕು ದಿನಕ್ಕೆ ಇಕ್ಕಟ್ಟು. ಜರ್ಮನಿ, ಆಸ್ಟ್ರಿಯಾದಲ್ಲಿ ಬೇರೆ ರೂಢಿ. ಒಂದೇ ಮಂಚದ ಮೇಲೆ ಎರಡು ಹಾಸಿಗೆ, ಇಬ್ಬರಿಗೂ ಬೇರೆ ಬೇರೆ ಹೊದಿಕೆ. ಮೊದಲ ಸಲ ವಿಚಿತ್ರ ಅನಿಸಬಹುದು. ನನಗಂತೂ ಅಲ್ಲಿ ಬಂದ ನಿದ್ದೆ ಬೇರೆಲ್ಲೂ ಬಂದಿಲ್ಲ.

ಲಿಫ್ಟ್ ಇದೆಯಾ ಅಂತ ಕೇಳುವುದನ್ನು ಮರೆಯಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆ ಪಕ್ಕದ ಹಳೆಯ ಮನೆಗಳು ಕಿರಿದು, ಒಳಗಿನ ಮೆಟ್ಟಿಲು ಏಣಿಯ ಹಾಗೆ ಕಡಿದು. ಫೋಟೋದಲ್ಲಿ ಮನೆಯ ಮುಂಭಾಗ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ.

ಹೋಟೆಲಿಗೆ ಕೊಡುವ ನಕ್ಷತ್ರ, ಅಂದರೆ ಸ್ಟಾರ್, ನೋಡಬೇಕಾ? ಸ್ವಲ್ಪ ಮಾತ್ರ. ಇಡೀ ಜಗತ್ತಿಗೆ ಒಂದೇ ಅಳತೆ ಅಂತ ಇಲ್ಲ. ಯುರೋಪಿನ ಹಲವು ದೇಶಗಳು ಸೇರಿ, ತಮ್ಮೊಳಗೆ ಒಂದೇ ಅಳತೆ ಇರಲಿ ಅಂತ, 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಅಂತ ಒಂದು ಕೂಟ ಮಾಡಿಕೊಂಡವು. ಫ್ರಾನ್ಸಿನ ಲೆಕ್ಕ ಬೇರೆ, ಉಳಿದ ದೇಶಗಳದು ಇನ್ನೂ ಬೇರೆ. ನಕ್ಷತ್ರಗಳು ಹೆಚ್ಚಾಗಿ ಸೌಲಭ್ಯ ಎಣಿಸುತ್ತವೆ. ಬೀದಿ ಸದ್ದು ಮಾಡುತ್ತದೆಯೇ ಅಂತ ಹೇಳುವುದಿಲ್ಲ.

ಅದನ್ನು ಹೇಳುವುದು ಉಳಿದು ಬಂದವರ ರಿವ್ಯೂ. ನಾನು ಒಟ್ಟು ಅಂಕ ನೋಡಿ ತೀರ್ಮಾನಿಸುವುದಿಲ್ಲ. ಹತ್ತಕ್ಕೆ ಹತ್ತು ಕೊಟ್ಟವರೂ ಒಂದು ಕೊಟ್ಟವರೂ ಮನಸ್ಸಿನ ಭರದಲ್ಲಿ ಬರೆದಿರುತ್ತಾರೆ. ಆರು, ಏಳು ಕೊಟ್ಟವರು ವಿವರ ಬರೆದಿರುತ್ತಾರೆ. ಅವನ್ನು ನಿಧಾನಕ್ಕೆ ಓದುತ್ತೇನೆ, ಅದೂ ಕಳೆದ ಆರು ತಿಂಗಳಲ್ಲಿ ಬಂದವನ್ನು. ಸದ್ದು, ವಾಸನೆ, ಬಿಸಿನೀರು, ಲಿಫ್ಟ್, ಇಷ್ಟು ಪದಗಳನ್ನು ಹುಡುಕಿ ನೋಡಿದರೆ ಬೇಕಾದದ್ದು ಸಿಗುತ್ತದೆ. ಒಬ್ಬರು ದೂರಿದರೆ ಅವರ ಅದೃಷ್ಟ ಇರಬಹುದು. ನಾಲ್ಕು ಜನ ಒಂದೇ ದೂರು ಹೇಳಿದರೆ ಅದು ನಿಜ. ದೂರು ಯಾವುದು ಅನ್ನುವುದೂ ಮುಖ್ಯ. ತಿಂಡಿ ಚೆನ್ನಾಗಿಲ್ಲ ಅಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ರಾತ್ರಿ ಒಬ್ಬಳೇ ನಡೆದು ಬರಲು ಭಯವಾಯ್ತು ಅಂತ ಇಬ್ಬರು ಹೆಂಗಸರು ಬರೆದಿದ್ದರೆ ಆ ಹೋಟೆಲ್ ಅಲ್ಲಿಗೇ ಬಿಡುತ್ತೇನೆ.

ದುಡ್ಡಿನ ವಿಷಯದಲ್ಲಿ ಎರಡೇ ಮಾತು. ಒಂದು, ಊರಿನ ತೆರಿಗೆ ಎಷ್ಟೋ ಸಲ ತೋರಿಸಿದ ಬೆಲೆಯಲ್ಲಿ ಸೇರಿರುವುದಿಲ್ಲ. ರೋಮ್‌ನಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ ಹೋಟೆಲಿನಲ್ಲೇ ಕಟ್ಟಬೇಕು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇದು 2024ರಲ್ಲಿ ರೂಮ್ ದರದ ಶೇಕಡ 12.5ಕ್ಕೆ ಏರಿತು. ಎರಡು, ದೂರದ ಅಗ್ಗದ ರೂಮಿಗೆ ದಿನವೂ ಓಡಾಡುವ ಖರ್ಚು ಸೇರಿಸಿ ನೋಡಿ, ಓಡಾಟದಲ್ಲೇ ಹೋಗುವ ಎರಡು ಗಂಟೆಯನ್ನೂ ಸೇರಿಸಿ. ಐದು ದಿನಕ್ಕೆ ಹತ್ತು ಗಂಟೆ. ಅಂದರೆ ರಜೆಯಲ್ಲಿ ಒಂದು ಪೂರ್ತಿ ಹಗಲು ರೈಲಿನಲ್ಲೇ ಕಳೆದ ಹಾಗೆ. ಅಷ್ಟು ದೂರ ಹೋಗಿ ಆ ಒಂದು ಹಗಲನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ಐದು ದಿನದ ಬದಲು ನಾಲ್ಕೇ ದಿನ ಇದ್ದರೂ ಸರಿ, ಊರಿನ ಒಳಗೇ ಇರುತ್ತೇನೆ.

ಬುಕ್ ಮಾಡುವಾಗ ಉಚಿತವಾಗಿ ರದ್ದು ಮಾಡಬಹುದಾದದ್ದನ್ನೇ ಹಿಡಿಯಿರಿ. ರದ್ದತಿಯ ಗಡುವು ಆ ಊರಿನ ಸಮಯದ ಲೆಕ್ಕದಲ್ಲಿರುತ್ತದೆ, ಗಮನಿಸಿ. ಸಣ್ಣ ಹೋಟೆಲ್‌ಗಳಲ್ಲಿ ರಿಸೆಪ್ಷನ್ ರಾತ್ರಿ ಮುಚ್ಚುವುದೂ ಉಂಟು. ವಿಮಾನ ತಡವಾಗಿ ಇಳಿಯುವುದಾದರೆ ಬಾಗಿಲು ತೆಗೆಯುವವರು ಯಾರು ಅಂತ ಮೊದಲೇ ಬರೆದು ಕೇಳಿ.

ಇನ್ನು ಮುಂದೆ ನನಗೆ ಲಿಂಕ್ ಕಳಿಸುವವರು ಜೊತೆಗೆ ಇಷ್ಟು ಬರೆಯಿರಿ. ಯಾರು ಯಾರು ಹೋಗುತ್ತಿದ್ದೀರಿ, ಯಾರಿಗಾದರೂ ಕಾಲುನೋವು ಇದೆಯಾ, ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ, ಮಧ್ಯಾಹ್ನ ಮಲಗುವ ಅಭ್ಯಾಸ ಯಾರಿಗಿದೆ. ಫೋಟೋ ಆಮೇಲೆ ನೋಡೋಣ.