ಬ್ರೊಮೊಗೆ ಹೊರಟಿದ್ದೀರಾ? ಸುರಬಾಯದಲ್ಲಿ ರಾವೊನ್ ಉಂಡು ಹೋಗಿ

ಇಂಡೋನೇಷ್ಯಾದ ಬ್ರೊಮೊ ಜ್ವಾಲಾಮುಖಿ ನೋಡಲು ಹೋಗುವವರು ಸಾಮಾನ್ಯವಾಗಿ ಸುರಬಾಯದಲ್ಲಿ ಇಳಿದು ನೇರ ಬೆಟ್ಟದ ದಾರಿ ಹಿಡಿಯುತ್ತಾರೆ. ನನ್ನ ಮಾತು ಕೇಳುವುದಾದರೆ ಒಂದು ರಾತ್ರಿ ಊರಲ್ಲೇ ಉಳಿಯಿರಿ. ಪೂರ್ವ ಜಾವಾದ ರಾವೊನ್ ಉಣ್ಣದೆ ಅಲ್ಲಿಂದ ಬರಬಾರದು.

ರಾವೊನ್ ಅಂದರೆ ದನದ ಮಾಂಸದ ಕಪ್ಪು ಸಾರು. ನಮ್ಮ ಹುರುಳಿ ಕಟ್ಟಿನ ಸಾರಿಗಿಂತಲೂ ಕಪ್ಪು. ಆ ಬಣ್ಣ ಬರುವುದು ಕೆಲುವಾಕ್ ಎಂಬ ಬೀಜದಿಂದ. ಹಸಿ ಬೀಜದಲ್ಲಿ ಸಯನೈಡ್ ವಿಷ ಇರುತ್ತದೆ. ಅದಕ್ಕೇ ಬೇಯಿಸಿ, ಬೂದಿ ಮಣ್ಣಿನಲ್ಲಿ ಸುಮಾರು 40 ದಿನ ಹೂತಿಡುತ್ತಾರೆ. ಬಿಳಿ ತಿರುಳು ಕಪ್ಪಗಾಗಿ, ವಿಷ ಇಳಿದು, ಒಂದು ಗಾಢ ಮಣ್ಣಿನ ರುಚಿ ಬರುತ್ತದೆ. ಇದರ ಜೊತೆ ಶುಂಠಿ ಜಾತಿಯ ಗಲಂಗಲ್, ಮಜ್ಜಿಗೆ ಹುಲ್ಲು, ನಿಂಬೆ ಜಾತಿಯ ಎಲೆ, ಸಣ್ಣ ಈರುಳ್ಳಿ. ಮೊದಲ ಚಮಚದಲ್ಲಿ ಏನೂ ಗೊತ್ತಾಗುವುದಿಲ್ಲ, ಮೂರನೆಯದಕ್ಕೆ ಬಿಡಲು ಮನಸ್ಸು ಬರುವುದಿಲ್ಲ.

ಅಂಗಡಿಯಲ್ಲಿ ಆರ್ಡರ್ ಹೇಳುವಾಗ 'ಪಿಸಾಹ್' ಅನ್ನಿ, ಅನ್ನ ಬೇರೆ ಕೊಡುತ್ತಾರೆ. 'ಚಂಪುರ್' ಅಂದರೆ ಅನ್ನದ ಮೇಲೇ ಸಾರು ಸುರಿದು ತರುತ್ತಾರೆ. ನಾನು ಮೊದಲ ದಿನ ಚಂಪುರ್ ತೆಗೆದುಕೊಂಡು ಫೋಟೊ ಹೊಡೆಯುತ್ತ ಕೂತೆ, ಅಷ್ಟರಲ್ಲಿ ಅನ್ನ ಸಾರನ್ನೆಲ್ಲ ಹೀರಿ ಮುದ್ದೆಯಾಗಿತ್ತು. ಜೊತೆಗೆ ಮೊಳಕೆ ಕಾಳು, ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿ, ಸೀಗಡಿ ಹಪ್ಪಳ, ಉಪ್ಪಿನಲ್ಲಿ ನೆನೆಸಿದ ಬಾತುಕೋಳಿ ಮೊಟ್ಟೆ. ಮೊಟ್ಟೆಯನ್ನು ಚಿಪ್ಪಿನ ಸಮೇತ ಸೀಳಿ ಇಟ್ಟಿರುತ್ತಾರೆ, ಚಮಚದಲ್ಲಿ ಕೆರೆದು ಆ ಕಿತ್ತಳೆ ಬಣ್ಣದ ಎಣ್ಣೆಯೊಸರುವ ಹಳದಿಯನ್ನು ಸಾರಿಗೆ ಹಾಕಿಕೊಳ್ಳಿ. ಎಷ್ಟೋ ಅಂಗಡಿಗಳಲ್ಲಿ ಇಂಥ ನಂಜಿಕೊಳ್ಳುವ ತಟ್ಟೆಗಳು ಮೇಜಿನ ಮೇಲೇ ಇರುತ್ತವೆ. ಅವು ಪುಕ್ಕಟೆ ಅಲ್ಲ, ಮುಟ್ಟಿದ್ದಕ್ಕೆ ಲೆಕ್ಕ.

ದನದ ಮಾಂಸ ತಿನ್ನದವರು ನಮ್ಮಲ್ಲಿ ಬಹಳ ಜನ. ಅವರು 'ಸಾಪಿ' ಎಂಬ ಪದ ನೆನಪಿಟ್ಟುಕೊಳ್ಳಿ, ಅದು ದನ. 'ಆಯಮ್' ಅಂದರೆ ಕೋಳಿ, ಸೊತೊ ಆಯಮ್ ಎಂಬ ಕೋಳಿ ಸಾರು ಎಲ್ಲೆಡೆ ಸಿಗುತ್ತದೆ. ಮಧ್ಯ ಜಾವಾದ ಕುದುಸ್ ಊರಲ್ಲಂತೂ ಸೊತೊಗೆ ದನದ ಬದಲು ಎಮ್ಮೆ ಮಾಂಸ ಹಾಕುತ್ತಾರೆ. ಹಿಂದೂಗಳ ಮನಸ್ಸು ನೋಯಬಾರದೆಂದು ಗೋವು ಕಡಿಯಬೇಡಿ ಎಂದು ಸೂಫಿ ಗುರು ಸುನನ್ ಕುದುಸ್ ಹೇಳಿದ್ದರಂತೆ, ಜನ ಇವತ್ತಿಗೂ ಪಾಲಿಸುತ್ತಾರೆ. ಇದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು. ಸಸ್ಯಾಹಾರಿಗಳಿಗೆ ಪೆಚೆಲ್ ಇದೆ, ಬೇಯಿಸಿದ ಸೊಪ್ಪು ತರಕಾರಿಗೆ ಶೇಂಗಾ ಚಟ್ನಿ. ಆದರೆ ಸಂಬಲ್‌ನಲ್ಲಿ 'ತೆರಾಸಿ' ಅನ್ನುವ ಸೀಗಡಿ ಹುದುಗು ಇರಬಹುದು, ಕೇಳಿಯೇ ತಿನ್ನಿ.

ಸುರಬಾಯದ ಗುಬೆಂಗ್ ನಿಲ್ದಾಣದಿಂದ ಪ್ರೊಬೊಲಿಂಗೊಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಬ್ರೊಮೊ ಪಕ್ಕದ ಹಳ್ಳಿ ಚೆಮೊರೊ ಲಾವಾಂಗ್‌ಗೆ ಹೋಗುವ ಮಿನಿಬಸ್ ತುಂಬದೆ ಹೊರಡುವುದಿಲ್ಲ. ನಾವು ಮಧ್ಯಾಹ್ನ ಇಳಿದು ಸಂಜೆವರೆಗೆ ಕಾದೆವು, ನೀವು ಬೆಳಿಗ್ಗೆಯ ರೈಲು ಹಿಡಿಯಿರಿ. ಮೇಲೆ ಬೆಳಗಿನ ಜಾವ ಹಲ್ಲು ಕಟಕಟಿಸುವ ಚಳಿ, ಸ್ವೆಟರ್ ಬೇಕೇ ಬೇಕು. ಸೂರ್ಯೋದಯ ನೋಡಿ ಕೆಳಗಿಳಿದಾಗ ಪ್ರೊಬೊಲಿಂಗೊದಲ್ಲಿ ಇನ್ನೊಂದು ಬಟ್ಟಲು ಬಿಸಿ ರಾವೊನ್ ಕುಡಿದೆ. ಬೆರಳುಗಳಿಗೆ ಜೀವ ಬಂದಿದ್ದು ಆಗಲೇ.