‘ಬರೀ ಐವತ್ತು ತಾನೆ?’ ಅನ್ನುವವರಿಗೆ

ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆ ಪಾಸಾದಾಗಿನಿಂದ ದಾವಣಗೆರೆಯಲ್ಲಿ ಎಲ್ಲಿ ಹೋದರೂ ನನಗೆ ಒಂದೇ ಪ್ರಶ್ನೆ. ಮದುವೆ ಊಟದ ಪಂಕ್ತಿಯಲ್ಲಿ, ಮಂಡಿಪೇಟೆಯ ಅಂಗಡಿ ಮುಂದೆ, ರಾತ್ರಿ ಹತ್ತಕ್ಕೆ ಫೋನಿನಲ್ಲಿ. "ಅಕ್ಕಾ, ಎಷ್ಟು ದಿನ ಓದಿದ್ರೆ ಸಾಕು? ಬರೀ ಐವತ್ತು ತಾನೆ ಬೇಕಿರೋದು?"

ಹೌದು, ಪಾಸಾಗೋಕೆ ಐವತ್ತು ಅಂಕವೇ. ಷೇರುಪೇಟೆ ನಿಯಂತ್ರಕ ಸೆಬಿ ಕಟ್ಟಿದ ಎನ್‌ಐಎಸ್‌ಎಂ ಸಂಸ್ಥೆ ನಡೆಸುವ ಸೀರೀಸ್ 5-ಎ ಪರೀಕ್ಷೆ. 100 ಅಂಕ, 2 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪುಸ್ತಕ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಸರ್ಟಿಫಿಕೇಟ್ 3 ವರ್ಷ ನಡೆಯುತ್ತದೆ. ಅದನ್ನಿಟ್ಟುಕೊಂಡು ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯಲ್ಲಿ ಎಆರ್‌ಎನ್, ಅಂದರೆ ವಿತರಕರ ನೋಂದಣಿ ನಂಬರ್ ಮಾಡಿಸಬೇಕು. ನಾನು ಆರು ವಾರ ಓದಿದೆ, ದಿನಾ ಬೆಳಗ್ಗೆ ನಲ್ಲಿ ನೀರು ಬರುವ ಮುಂಚೆ ಒಂದೂವರೆ ಗಂಟೆ. ಸಾಕಾ?

ಹಳೇ ಪ್ರಶ್ನೆಗಳ ಪಿಡಿಎಫ್ ಕೇಳುವವರೂ ಇದ್ದಾರೆ, ಅದು ನನ್ನ ಹತ್ತಿರ ಇಲ್ಲ. ಇದ್ದರೂ ಕಳಿಸುವುದಿಲ್ಲ. ನನಗೆ ಸಿಟ್ಟು ಬರುವುದು ಆ ‘ಬರೀ’ ಅನ್ನೋ ಮಾತಿಗೆ.

ಪರೀಕ್ಷೆಗೆ ಎರಡು ವಾರ ಇತ್ತು. ಚನ್ನಗಿರಿ ಕಡೆಯಿಂದ ನಮ್ಮ ಸೋದರತ್ತೆ ಬಂದರು. ಅಡಿಕೆ ಮಾರಿದ ದುಡ್ಡು, 3 ಲಕ್ಷ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎರಡು ರಬ್ಬರ್ ಬ್ಯಾಂಡ್ ಹಾಕಿದ್ದರು. "ನೀನು ಓದ್ತಿದೀಯಲ್ಲ, ಒಳ್ಳೇದು ನೋಡಿ ನೀನೇ ಹಾಕವ್ವಾ" ಅಂದರು. ನಾನು ಫೋನ್ ತೆಗೆದು, ಹಿಂದಿನ ವರ್ಷ ಜೋರಾಗಿ ಏರಿದ್ದ ಒಂದು ಸ್ಮಾಲ್ ಕ್ಯಾಪ್ ಫಂಡ್, ಅಂದರೆ ಸಣ್ಣ ಕಂಪನಿಗಳ ಷೇರಿಗೆ ದುಡ್ಡು ಹಾಕುವ ಫಂಡ್ ತೋರಿಸಿದೆ. ಅತ್ತೆ ಮುಖ ಅರಳಿತು. "ಹಂಗಾದ್ರೆ ವೈಶಾಖದಾಗೆ ಹುಡುಗಿ ಮದುವೆ ಹೊತ್ತಿಗೆ ಎಷ್ಟಾಗಿರುತ್ತೆ?"

ವೈಶಾಖಕ್ಕೆ ಇದ್ದದ್ದು ಏಳೇ ತಿಂಗಳು. ದುಡ್ಡು ಯಾವಾಗ ಬೇಕು ಅಂತ ನಾನು ಕೇಳಿಯೇ ಇರಲಿಲ್ಲ.

ಆ ವಾರ ನಾನು ಓದುತ್ತಿದ್ದದ್ದೇ ರಿಸ್ಕ್ ಬಗ್ಗೆ. ಫಂಡಿನಲ್ಲಿ ಅಪಾಯ ಎಷ್ಟು ಅಂತ ಮುಳ್ಳಿನಿಂದ ತೋರಿಸುವ ರಿಸ್ಕೋಮೀಟರಿನಲ್ಲಿ ಆರು ಹಂತ. ಆ ಫಂಡಿನ ಮುಳ್ಳು ನಿಂತಿದ್ದು ಕೊನೇ ಹಂತದಲ್ಲಿ, ‘ವೆರಿ ಹೈ’. ಸ್ಮಾಲ್ ಕ್ಯಾಪ್ ಅಂದರೆ ಮಾರುಕಟ್ಟೆ ಮೌಲ್ಯದ ಪಟ್ಟಿಯಲ್ಲಿ 251ನೇ ಕಂಪನಿಯಿಂದ ಕೆಳಗಿನವು. ಎಲ್ಲಾ ಬಾಯಿಪಾಠ ಬರುತ್ತಿತ್ತು. ಪಾಸಾಗೋಕೆ ಅಷ್ಟು ಸಾಕು. ಅತ್ತೆಯ ಮದುವೆ ದುಡ್ಡಿಗೆ ಅದು ಸಾಲಲಿಲ್ಲ.

ಹಾಲಿನ ಲೆಕ್ಕದ ಪುಸ್ತಕ ತೆಗೆದು ಕೊನೇ ಹಾಳೆಯಲ್ಲಿ ಬರೆದು ತೋರಿಸಿದೆ. 3 ಲಕ್ಷ 30 ಪರ್ಸೆಂಟ್ ಇಳಿದರೆ 2 ಲಕ್ಷ 10 ಸಾವಿರ. ಮತ್ತೆ 30 ಪರ್ಸೆಂಟ್ ಏರಿದರೆ? 2 ಲಕ್ಷ 73 ಸಾವಿರ. "ಉಳಿದ 27 ಸಾವಿರ ಎಲ್ಲಿ ಹೋಯ್ತು?" ಅಂತ ಅತ್ತೆ ಎರಡು ಸಲ ಕೂಡಿಸಿ ನೋಡಿದರು. ಅಷ್ಟೆಲ್ಲಾ ಇಳಿಯುತ್ತಾ ಅಂದರು. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42 ಸಾವಿರದ ಹತ್ತಿರ ಇತ್ತು. ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗೆ. ಆಮೇಲೆ ಏರಿತು, ನಿಜ. ಆದರೆ ಛತ್ರದವರು, ಅಡುಗೆಯವರು ಅಲ್ಲೀತನಕ ಕಾಯ್ತಾರಾ? ಅತ್ತೆ ದುಡ್ಡು ಬ್ಯಾಂಕಿನ ಎಫ್‌ಡಿಗೆ ಹೋಯಿತು. ಮಾರನೇ ದಿನದಿಂದ ನಾನು ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಆರು ವಾರ ಆಗಿದ್ದು ಅದಕ್ಕೇ.

ನೀವು ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. "ಇದರಲ್ಲಿ ನಿನಗೆಷ್ಟು ಸಿಗುತ್ತೆ?" ಸಂಕೋಚಕ್ಕೋ ಏನೋ, ಯಾರೂ ಕೇಳಲ್ಲ. ಕೇಳಿ, ನಾನೇನೂ ಬೇಜಾರು ಮಾಡಿಕೊಳ್ಳಲ್ಲ. ನನ್ನಂಥ ವಿತರಕರ ಮೂಲಕ ಹಾಕುವ ರೆಗ್ಯುಲರ್ ಪ್ಲಾನಿನಲ್ಲಿ ನಿಮ್ಮ ದುಡ್ಡು ಇರುವಷ್ಟು ಕಾಲ ನನಗೆ ಕಮಿಷನ್ ಬರುತ್ತದೆ. ಅದು ಫಂಡಿನ ಖರ್ಚಿನಲ್ಲೇ ಸೇರಿರುತ್ತದೆ, ಅಂದರೆ ನಿಮ್ಮ ದುಡ್ಡಿನಿಂದಲೇ ಬರುವುದು. 2013ರ ಜನವರಿಯಿಂದ, ವಿತರಕರಿಲ್ಲದೆ ನೀವೇ ಹಾಕುವ ಡೈರೆಕ್ಟ್ ಪ್ಲಾನ್ ಇದೆ. ಅದರಲ್ಲಿ ನನಗೆ ಏನೂ ಇಲ್ಲ, ನಿಮಗೆ ಖರ್ಚೂ ಕಮ್ಮಿ. ಸ್ವಂತ ನೋಡಿಕೊಳ್ಳೋಕೆ ಬರುವವರು ಅದರಲ್ಲೇ ಹಾಕಿ. ಯಾವ ಫಂಡಿನಿಂದ ಎಷ್ಟು ಕಮಿಷನ್ ಅಂತ ವಿತರಕರು ಹೇಳಲೇಬೇಕು, ಸೆಬಿಯ ನಿಯಮವೇ ಹಾಗಿದೆ.

ಇಲ್ಲಿಯವರೆಗೆ ಹಾಗೆ ಕೇಳಿದವನು ಒಬ್ಬನೇ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹುಡುಗ, ತಿಂಗಳಿಗೆ 500ರ ಎಸ್‌ಐಪಿ. ಫಾರಂಗೆ ಸಹಿ ಹಾಕುವ ಮುಂಚೆ ಪೆನ್ನು ಹಿಡಿದೇ ಕೇಳಿದ. "ಅಕ್ಕಾ, ನನ್ನ ಐನೂರರಲ್ಲಿ ನಿಮಗೆಷ್ಟು?" ವರ್ಷಕ್ಕೆ 1 ಪರ್ಸೆಂಟ್ ಅಂತ ಹಿಡಿದು ಅವನ ಎದುರಿಗೇ ಲೆಕ್ಕ ಹಾಕಿದೆ. ಮೊದಲ ವರ್ಷಕ್ಕೆಲ್ಲಾ ಸೇರಿ 30 ರೂಪಾಯಿ ಆಸುಪಾಸು.

"ಅಷ್ಟೇನಾ ಅಕ್ಕಾ?" ಅಂದ. ಸಹಿ ಹಾಕಿದ. ಆವತ್ತು ಟೀ ದುಡ್ಡು ಅವನೇ ಕೊಟ್ಟ.